ಗಟ್ಟಿಯಾಗಿ ಹೇಳಿದ ವೋಟು

ಪ್ರಧಾನಿಯ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಮಾರ್ಚ್ ಇಪ್ಪತ್ತೈದರಂದು ನಾವು ಮನೆ, ಹೊಲ ಬಿಟ್ಟು ಹೋಗಬೇಕಂತೆ. ಮರಿಯಳಿಗೆ ದೇವದೂತ ಶುಭವಾರ್ತೆ ತಂದ ದಿನವದು. ನಮಗೆ ಜಮೀನ್ದಾರರ ಕಾರಭಾರಿ ತಂದದ್ದು ನೋಟೀಸು. ತಪ್ಪು ಇಷ್ಟೇ: ನನ್ನ ಗಂಡ ಇಥೆಲ್ ಕಳೆದ ನವೆಂಬರಿನ ಚುನಾವಣೆಯಲ್ಲಿ ಮನಸ್ಸಾಕ್ಷಿಗೆ ಒಪ್ಪಿದ ಹೆಸರು ಹೇಳಿದರು.

ಮೂವತ್ತೇಳು ವರ್ಷದ ಹಿಂದೆ ನಿಮ್ಮ ಕುರ್ಚಿಯಲ್ಲಿದ್ದವರೊಬ್ಬರು ವೋಟಿನ ಸುಧಾರಣೆ ತಂದರು. ಮೊನ್ನೆ ಮೊನ್ನೆ ಇನ್ನೊಬ್ಬರು ಅದನ್ನು ಹಿಗ್ಗಿಸಿ ನಮ್ಮಂಥ ಗೇಣಿದಾರರಿಗೂ ವೋಟು ಕೊಟ್ಟರು. ವೇಲ್ಸಿನ ಗುಡ್ಡಗಳಲ್ಲಿ ನಾವು ಸ್ತೋತ್ರ ಹಾಡಿದೆವು. ಆದರೆ ಆ ವೋಟನ್ನು ಸಂತೆಮೈದಾನದಲ್ಲಿ ನಿಂತು ಊರೆಲ್ಲ ಕೇಳುವಂತೆ ಹೇಳಬೇಕು. ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕಾರಭಾರಿ ಪಕ್ಕದಲ್ಲೇ ನಿಂತಿರಬೇಕು. ಇದು ಯಾವ ಸೀಮೆಯ ಸುಧಾರಣೆ, ಸ್ವಾಮಿ?

ವೋಟಿನ ಹಿಂದಿನ ದಿನ ಇಥೆಲ್ ಒಲೆಯ ಮುಂದೆ ಕೂತು ಕೇಳಿದರು, “ಏನೇ, ಯಜಮಾನ್ರು ಹೇಳಿದ ಹೆಸರನ್ನೇ ಹೇಳ್ಬಿಡ್ಲಾ? ತಾತ ಕಲ್ಲು ಆಯ್ದು ಮಾಡಿದ ಹೊಲ ಕಣೆ.”

“ಬೇಡ್ರೀ. ಭಾನುವಾರ ಪ್ರಾರ್ಥನೆಗೂ ಅದೇ ನಾಲಿಗೆ ಬೇಕಲ್ಲ” ಅಂದೆ.

ಮಾರನೆಯ ದಿನ ಕಾರಭಾರಿ ಎಲ್ಲರೆದುರು ಅಂದ: “ಇಥೆಲ್, ಅದು ಯಜಮಾನ್ರ ಹುಲ್ಲು ಮೇದ ಬಾಯಿ. ನೋಡ್ಕೊಂಡು ತೆಗಿ.”

“ಹುಲ್ಲು ಮೇಯೋದು ನನ್ನ ಹಸು, ಸ್ವಾಮಿ. ನಾನು ಬಾರ್ಲಿ ರೊಟ್ಟಿ ತಿನ್ನೋನು.”

ಜನ ಘೊಳ್ಳೆಂದು ನಕ್ಕರು. ಆ ನಗುವಿಗೂ ಸೇರಿಸಿಯೇ ನೋಟೀಸು ಬಂದಿರಬೇಕು.

ಗುಟ್ಟಾಗಿ ವೋಟು ಹಾಕುವುದು ಗಂಡಸಿಗೆ ಶೋಭೆಯಲ್ಲ ಎಂದು ನಿಮ್ಮ ಸಭೆಯಲ್ಲಿ ದೊಡ್ಡವರು ಭಾಷಣ ಮಾಡುತ್ತಾರಂತೆ. ಅವರಲ್ಲಿ ಗೇಣಿ ಮನೆಯಲ್ಲಿರುವವರು ಎಷ್ಟು ಮಂದಿ? ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹಿರಿಯರನ್ನು ಆರಿಸುವಾಗ ಬೇರೆ ಊರಿನ ಬೋಧಕರು ಬಂದು ಮೂಲೆಯಲ್ಲಿ ಕೂರುತ್ತಾರೆ. ಒಬ್ಬೊಬ್ಬರಾಗಿ ಹೋಗಿ ಅವರ ಕಿವಿಯಲ್ಲಿ ಹೆಸರು ಹೇಳಿ ಬರುತ್ತೇವೆ, ಹೆಂಗಸರೂ ಹೇಳುತ್ತೇವೆ. ನಾನು ಯಾರ ಹೆಸರು ಹೇಳಿದೆನೆಂದು ಇಥೆಲ್‌ಗೂ ಗೊತ್ತಿಲ್ಲ. ಅದರಿಂದ ಅವರ ಗಂಡಸುತನ ಕಡಿಮೆಯಾಗಿಲ್ಲ, ದೇವರೂ ಮುನಿದಿಲ್ಲ. ಕುರಿ ಕಾಯುವವರಿಗೆ ತಿಳಿದ ಈ ಮರ್ಯಾದೆ ಸಾಮ್ರಾಜ್ಯ ಆಳುವವರಿಗೆ ತಿಳಿಯದೇ?

ಇಥೆಲ್ ಇದುವರೆಗೆ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಈಗ ತಂಗಿ ಮಾಲ್ಟ್ ಕೇಳುತ್ತಾಳೆ, “ಅಕ್ಕಾ, ಮುಂದಿನ ಸಲ ನಮ್ಮೋರಿಗೆ ನಾನೇನ್ ಹೇಳ್ಲಿ? ಸುಳ್ಳೇ ಹೇಳಿ ಅನ್ಲಾ?” ಐವತ್ತು ವರ್ಷ ಬೈಬಲ್ಲು ನಂಬಿ ಬಾಳಿದ ನಾನು ಅದಕ್ಕೇ ಈ ಕಾಗದ ಬರೆಯಲು ಕೂತೆ.

ನಮ್ಮ ಮನೆ ಉಳಿಸಿ ಎಂದು ಕೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಿಲ್ಲವೆಂದು ಬಲ್ಲೆ. ಮುಂದಿನ ಚುನಾವಣೆಗೆ ಮೊದಲು, ಮುಚ್ಚಿದ ಪೆಟ್ಟಿಗೆಯೊಳಗೆ ಮಡಿಚಿದ ಚೀಟಿ ಹಾಕುವ ಕಾನೂನು ಮಾಡಿ. ಮಾಲ್ಟ್‌ಳ ಗಂಡನಿಗಾದರೂ ಅದು ಸಿಗಲಿ. ಇಥೆಲ್‌ಗೆ ಉಪಯೋಗಕ್ಕೆ ಬಾರದು. ಹೊಲ ಹೋದವನಿಗೆ ವೋಟೂ ಇಲ್ಲವೆಂದು ನಿಮ್ಮ ಸುಧಾರಣೆಯೇ ಬರೆದಿಟ್ಟಿದೆ.

ಇಂತಿ,
ಜೀವಮಾನದಲ್ಲಿ ಒಂದೇ ಸಲ ವೋಟು ಹಾಕಿದವರ ಹೆಂಡತಿ,
ಗ್ವೆನ್ಲಿಯನ್
ಫೆಬ್ರವರಿ 1869