ಕಿತ್ತ ಕೆಂಪು ಗೂಟಗಳು

ಗ್ರಾಮದ ಮುಖ್ಯಸ್ಥರಾದ ಸಾರೆತ್ ಅವರಿಗೆ,

ನಮ್ಮ ಹೊಲದಲ್ಲಿ ನೆಲಬಾಂಬು ಹುಡುಕುವ ಮೊದಲೇ ನೀವು ಅಪಾಯದ ಗುರುತಿನ ಕೆಂಪು ಗೂಟಗಳನ್ನು ಕೀಳಿಸಿದಿರಿ. ಗಡುವಿನೊಳಗೆ ಊರು ಶುದ್ಧವಾಯಿತೆಂದು ವರದಿ ಹೋಗಬೇಕಿತ್ತು. ಕಾಂಬೋಡಿಯಾ ಸಹಿ ಹಾಕಿದ ನೆಲಬಾಂಬು ನಿಷೇಧ ಒಪ್ಪಂದವನ್ನು ನಾನೂ ಓದಿದ್ದೇನೆ; ಅದು ಕೀಳಲು ಹೇಳಿದ್ದು ಬಾಂಬುಗಳನ್ನು.

ಗೂಟವಿಲ್ಲದ್ದನ್ನು ನೋಡಿ, ಬಾಂಬಿಲ್ಲವೆಂದು ನಂಬಿ ಅಣ್ಣ ವನ್ನಾಕ್ ಅಲ್ಲಿ ಎಮ್ಮೆ ಕಟ್ಟಲು ಹೋದ. ನಾವು ಚಿತೆಗೆ ಇಟ್ಟದ್ದು ಪೂರ್ತಿ ಅಣ್ಣನನ್ನಲ್ಲ.

ಕಿತ್ತೆಸೆದ ಆ ಗೂಟಗಳನ್ನು ಹಿತ್ತಲಲ್ಲಿ ನೆಟ್ಟು ಅಮ್ಮ ಅಲಸಂದೆ ಬಳ್ಳಿ ಹಬ್ಬಿಸಿದ್ದಾಳೆ. ಏಳನೇ ದಿನದ ಪೂಜೆ ಮುಗಿಸಿ ಭಿಕ್ಷುಗಳು ಹೊರಟ ಮೇಲೆ ಅಂದಳು: “ಇದ್ದದ್ದು ಅದೊಂದೇ ಎಮ್ಮೆ ಕಣೋ, ನಿನ್ನಣ್ಣ ಜೊತೆಗೇ ತಗೊಂಡು ಹೋದ. ಭಾನುವಾರ ಎರವಲು ಎಮ್ಮೆ ತಂದು ಆ ಹೊಲ ಉಳ್ತೀನಿ. ನೀನು ಹಂಚೋ ನೆಲಬಾಂಬಿನ ಕರಪತ್ರ ಅನ್ನ ಹಾಕುತ್ತಾ?”

ಅವಳು ನಂಬುವುದು ನಿಮ್ಮನ್ನು. ಬಳ್ಳಿ ಬಿಡಿಸಿ ಗೂಟಗಳನ್ನು ನಾನು ತರುತ್ತೇನೆ, ಸುತ್ತಿಗೆ ನೀವು ತನ್ನಿ. ಭಾನುವಾರ ಬೆಳಿಗ್ಗೆ ಐದು ಗಂಟೆಗೆ, ಅವಳು ಉಳಲು ಬರುವ ಮೊದಲು, ಹೊಲದ ದಾರಿಯ ಹುಣಸೆಮರದ ಕೆಳಗೆ.

ವನ್ನಾಕ್‌ನ ತಮ್ಮ,
ಚಾಂತೋಲ್