ಮೂವತ್ತೇಳನೆಯ ಮರದ ಬಿಲ್ಲೆ

ಫೆಬ್ರವರಿ 3, ಸಂಜೆ

ಬೆಳಿಗ್ಗೆ ಹನ್ನೊಂದು ಎಂದರೆ ಒಲೆ ಹೊತ್ತಿಸುವ ಹೊತ್ತು. ಒಲೆ ಇಲ್ಲ. ನಮ್ಮ ಸಜನಾಮಿ ಸಾರ್ವಜನಿಕ ಸ್ನಾನಗೃಹ ಮುಚ್ಚಿ ನಾಲ್ಕು ವರ್ಷ, ಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಹನ್ನೊಂದಕ್ಕೆ ಹಿತ್ತಲ ಕಡೆ ಹೊರಡುತ್ತದೆ. ಅದನ್ನು ತಿರುಗಿಸಿ ತಂದು ಕಂಪ್ಯೂಟರ್ ಮುಂದೆ ಕೂರಿಸಿದೆ. ಜನ ಬರೆದು ಹರಟುವ ನನ್ನ ಪುಟ್ಟ ಸರ್ವರ್‌ನ ಕಸ ತೆಗೆದೆ — ನಕಲಿ ಕನ್ನಡಕ ಮಾರುವವರು ಮೂವರು. ತೊಟ್ಟಿಯಿಂದ ಕೂದಲು ಸೋಸಿದ ಹಾಗೆಯೇ. ಒಳಗೆ ಅರವತ್ತಮೂರು ಜನ, ಎಲ್ಲ ಹಳೆಯ ಗಿರಾಕಿಗಳು.

ಮೂರಕ್ಕೆ ಸರಿಯಾಗಿ ಮೊಗಾಮಿ ಬರೆದ: "ಬಂದೆ. ನೀರು ತಣ್ಣಗಿದೆ." ದಿನವೂ ಇದೇ, ಸ್ನಾನಕ್ಕೆ ಬಂದವನ ಹಾಗೆ. ಗಂಟಲಿನ ಗಡ್ಡೆಯ ಜೊತೆ ದನಿಯನ್ನೂ ತೆಗೆದು ಮೂರು ವರ್ಷ. ಅದಕ್ಕೆ ಮೊದಲು ತೊಟ್ಟಿಯಲ್ಲಿ ಕೂತು ಹಾಡುತ್ತಿದ್ದ, ಮೂರು ಬೀದಿಯಾಚೆ ನಾಯಿಗಳು ಊಳಿಡುತ್ತಿದ್ದವು. ಈಗ ಅವನು ಮಾತಾಡುವುದು ಇಲ್ಲಿ ಮಾತ್ರ.

ಸರ್ವರ್ ಬಾಡಿಗೆಯವರ ಪತ್ರ ಬಂದಿದೆ. ಏಪ್ರಿಲ್‌ನಿಂದ ದುಪ್ಪಟ್ಟು. ಪಿಂಚಣಿಯಲ್ಲಿ ಆಗದು. ಮಾರ್ಚ್ ಮೂವತ್ತೊಂದಕ್ಕೆ ಮುಚ್ಚಬೇಕಾದೀತು — ಎರಡನೆಯ ಸಲ.

ಹುರಿದ ಕಾಳು ಎರಚಿ ಪೀಡೆ ಓಡಿಸುವ ದಿನ. ವಯಸ್ಸಿನಷ್ಟು ಕಾಳು ತಿನ್ನಬೇಕಂತೆ. ಎಪ್ಪತ್ತಮೂರು! ನಲವತ್ತಕ್ಕೇ ದವಡೆ ಸೋತಿತು.

ಫೆಬ್ರವರಿ 5

ಮಿನೋರಿ ಬಂದಿದ್ದಳು. ಅಣ್ಣನ ಮಗಳು. ನಗರಸಭೆಯಲ್ಲಿ ಕೆಲಸ, ಎಲ್ಲದಕ್ಕೂ ಒಂದು ಫಾರಂ ಇದೆ ಎಂದು ನಂಬಿದವಳು.

"ಅತ್ತೆ, ಬೇರೆ ಸರ್ವರ್‌ನವರೆಲ್ಲ ಏನ್ ಮಾಡ್ತಾರೆ ಗೊತ್ತಾ? ದೇಣಿಗೆ ಬಟನ್ ಇಡ್ತಾರೆ. ಇಲ್ಲಾಂದ್ರೆ ಅಲಂಕಾರ ಮಾರ್ತಾರೆ. ಫೋಟೋಗೆ ಬೆಕ್ಕಿನ ಕಿವಿ, ತಲೆ ಹಿಂದೆ ತಿರುಗೋ ಚಕ್ರ..."

"ಬೆಕ್ಕಿನ ಕಿವಿಗೆ ದುಡ್ಡು ಕೊಡ್ತಾರಾ?"

"ಕೊಡ್ತಾರೆ ಅತ್ತೆ, ಖುಷಿಯಿಂದ ಕೊಡ್ತಾರೆ."

ದೇವರೇ. ಮಿನೋರಿಗೆ ಮತ್ತೆ ಹೇಳಿದೆ. ಇದು ಯಾವ ದೊಡ್ಡ ಕಂಪನಿಯದೂ ಅಲ್ಲ. ಇಂಥ ಪುಟ್ಟ ಯಂತ್ರಗಳು ಸಾವಿರಾರು, ಪ್ರತಿಯೊಂದಕ್ಕೂ ಅದರದೇ ಯಜಮಾನ. ಸ್ನಾನಗೃಹದಲ್ಲಿ ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವಿನ ಗೋಡೆ ಚಾವಣಿ ಮುಟ್ಟುತ್ತಿರಲಿಲ್ಲವಲ್ಲ, "ಏ, ಹೊರಟೆ ಕಣೇ" ಎಂದರೆ ಆಚೆ ಕೇಳುತ್ತಿತ್ತಲ್ಲ, ಹಾಗೆ. ಇಲ್ಲಿ ಬರೆದದ್ದು ಪಕ್ಕದ ಯಂತ್ರದವರಿಗೂ ಕೇಳುತ್ತದೆ. ಜಾಹೀರಾತು ಇಲ್ಲ. ಯಾರೂ ಇಣುಕುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಲೈಬ್ರರಿ ಪುಸ್ತಕ ಇಟ್ಟುಕೊಂಡು ಎರಡು ವರ್ಷ ಒದ್ದಾಡಿ ಕಟ್ಟಿದ್ದು ಇದಕ್ಕಾಗಿ. ಬೆಕ್ಕಿನ ಕಿವಿಗಲ್ಲ.

"ಹಾಗಾದ್ರೆ ಮುಚ್ಚಿ" ಎಂದಳು, ಚಹಾ ಕುಡಿಯುತ್ತಾ.

ಫೆಬ್ರವರಿ 8

ದೇಣಿಗೆ ಬಟನ್ ಇಟ್ಟೆ. ಬೇಡುವುದು ಎಷ್ಟು ಸುಲಭವಾಗಿದೆ ನೋಡಿ, ಕೈಯನ್ನೂ ಚಾಚಬೇಕಿಲ್ಲ.

ಇಡೀ ದಿನ ಒಬ್ಬರೂ ಒತ್ತಲಿಲ್ಲ. ಆದರೆ ಗುಟ್ಟಾಗಿ ಹನ್ನೊಂದು ಜನ ಬರೆದರು, ಎಲ್ಲರದೂ ಒಂದೇ ಪ್ರಶ್ನೆ: ಉಳಿದವರು ಎಷ್ಟು ಕೊಟ್ಟರು? ಇವರ ಮನೆಗೆ ಬೆಂಕಿ ಬಿದ್ದರೂ ಪಕ್ಕದವರು ಎಷ್ಟು ದೂರ ಓಡಿದರು ಎಂದು ಕೇಳಿಯೇ ಓಡುವುದು.

ಫೆಬ್ರವರಿ 9

ತೋಫು ಅಂಗಡಿಯ ಇಸುರುಗಿ ಮೊದಲಿಗನಾದ. ಮುನ್ನೂರು ಯೆನ್. ಪಟ್ಟಿಯಲ್ಲಿ ಹೆಸರು ಕಂಡದ್ದೇ ತಡ, ಸಂಜೆಯೊಳಗೆ ಇನ್ನೂ ಹತ್ತೊಂಬತ್ತು ಜನ. ಎಲ್ಲರೂ ಮುನ್ನೂರು. ಒಬ್ಬ ಮುನ್ನೂರೈವತ್ತು ಹಾಕಿ, ಆಮೇಲೆ ಐವತ್ತು ವಾಪಸ್ ಕೇಳಿದ. ಉಳಿದವರಿಗೆ ಮುಜುಗರ ಆಗಬಾರದಂತೆ.

ಫೆಬ್ರವರಿ 12

ತಪ್ಪು ನನ್ನದು. ಕೊಡುಗೆ ತೆಗೆದುಕೊಂಡು ಸುಮ್ಮನಿರುವುದು ಹೇಗೆ? ಅರ್ಧದಷ್ಟಾದರೂ ಮರಳಿಸಬೇಡವೇ, ಅಮ್ಮ ಕಲಿಸಿದ್ದು ಅದನ್ನೇ. ಮೊನ್ನೆಯೇ ಇಪ್ಪತ್ತು ಜನಕ್ಕೂ ಸಜನಾಮಿ ಹೆಸರಿನ ಹಳೆಯ ಟವೆಲು, ಒಂದು ಪೊಟ್ಟಣ ಅಕ್ಕಿ ಬಿಸ್ಕತ್ತು ಕಟ್ಟಿ ಅಂಚೆಗೆ ಹಾಕಿದೆ. ಮುನ್ನೂರು ಬಂದ ಕಡೆ ಮುನ್ನೂರೆಪ್ಪತ್ತು ಹೊರಟಿತು. ಇವತ್ತು ಇಸುರುಗಿಯಿಂದ ಒಣ ತೋಫು ಬಂದಿದೆ, ಬಿಸ್ಕತ್ತಿಗೆ ಪ್ರತಿಯಾಗಿ. ಈಗ ನಾನು ತೋಫುವಿಗೆ ಪ್ರತಿಯಾಗಿ...

ಮಿನೋರಿಗೆ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ನಕ್ಕಳು. ಬಟನ್ ತೆಗೆದೆ.

ಫೆಬ್ರವರಿ 15

ಬೆಕ್ಕಿನ ಕಿವಿಯೂ ಬಂತು. ಮಿನೋರಿಯೇ ಹಾಕಿಕೊಟ್ಟಳು: ಕಿವಿ, ಚಕ್ರ, ಚೆರಿ ಹೂವಿನ ಉಂಗುರ, ಚಿನ್ನದ ಕಿರೀಟ. ಯಾರೂ ಮುಟ್ಟಲಿಲ್ಲ. ಒಳಗೊಳಗೇ ಹಿಗ್ಗಿದೆ. ಮನುಷ್ಯರಲ್ಲಿ ಇನ್ನೂ ಮಾನ ಉಳಿದಿದೆ.

ಮೂರೂಕಾಲಿಗೆ ಮೊಗಾಮಿ ಮತ್ತೆ ಬರೆದ. ಕಿರೀಟ ಬೇಡ, ತನ್ನ ಹೆಸರಿನ ಪಕ್ಕ 37 ಎಂಬ ಮರದ ಬಿಲ್ಲೆ ಬೇಕು, ದರ ಎಷ್ಟು ಎಂದು. ಸ್ನಾನಗೃಹದ ಬಾಗಿಲಲ್ಲಿ ಚಪ್ಪಲಿ ಪೆಟ್ಟಿಗೆಗಳಿದ್ದವಲ್ಲ, ನಂಬರು ಕೊರೆದ ಬಿಲ್ಲೆಯನ್ನು ಕಿತ್ತುಕೊಂಡರೆ ಬೀಗ ಬೀಳುತ್ತಿತ್ತು. ಮೂವತ್ತೊಂದು ವರ್ಷ ಅವನದು ಮೂವತ್ತೇಳೇ.

ಎಲ್ಲರೂ ಓದುವಂತೆ ಉತ್ತರ ಕೊಟ್ಟೆ: "ಇದು ಬತ್ತಲೆ ನೀರಿಗಿಳಿಯುವ ಜಾಗ. ಮೆಡಲು ಬೇಕಾದವರು ಆಟಿಕೆ ಅಂಗಡಿ ನೋಡಿಕೊಳ್ಳಿ."

ಇಪ್ಪತ್ತಾರು ಜನ ನಗುವಿನ ಗುರುತು ಒತ್ತಿದರು. ಚೆನ್ನಾಗಿ ಹೇಳಿದೆ.

ಫೆಬ್ರವರಿ 16

ಮೂರಕ್ಕೆ "ಬಂದೆ" ಇಲ್ಲ. ಮುನಿದಿದ್ದಾನೆ. ಎಪ್ಪತ್ತಾರು ವರ್ಷದ ಮಗು. ಮುನಿಯಲಿ.

ಫೆಬ್ರವರಿ 19

ಇಲ್ಲ.

ಫೆಬ್ರವರಿ 23

ಫೋನ್ ಮಾಡಿದೆ. ಅವನಿಗೆ ಫೋನ್ ಮಾಡುವುದೂ ಒಂದು ಮೂರ್ಖತನ. ಎತ್ತಿ ಎರಡು ಸಲ ತಟ್ಟಿದರೆ ಕ್ಷೇಮ ಎಂದು ಅರ್ಥ, ನಾವೇ ಮಾಡಿಕೊಂಡ ಲೆಕ್ಕ. ಎತ್ತಲೇ ಇಲ್ಲ. ಹೊರಗೆ ಹಿಮ ಬೀಳುತ್ತಲೇ ಇದೆ. ಒಂಟಿಯಾಗಿರುವ ಗಂಡಸರು ಹೇಗೆ ಸಾಯುತ್ತಾರೆಂದು ಪೇಪರಿನಲ್ಲಿ ಓದಿಲ್ಲವೇ, ವಾರ ಕಳೆದ ಮೇಲೆ ಗ್ಯಾಸಿನವನು ಬಾಗಿಲು ಬಡಿದಾಗ...

ಸಾಯುವವನಲ್ಲ. ಹಾಗೆಲ್ಲ ಸುಲಭಕ್ಕೆ ಬಿಡುವ ಪ್ರಾಣಿಯಲ್ಲ ಅದು.

ಫೆಬ್ರವರಿ 24, ಸಂಜೆ

ಟ್ರಾಮ್ ಹತ್ತಿ ಹೋದೆ. ಕೈಯಲ್ಲಿ ಅಕ್ಕಿ ಬಿಸ್ಕತ್ತು, ಉಳಿದಿತ್ತು. ಬಾಗಿಲು ತಟ್ಟಿದೆ, ತಟ್ಟಿದೆ. ಪಕ್ಕದ ಮನೆಯವಳು ಕಿಟಕಿ ತೆರೆಯುವಷ್ಟು ತಟ್ಟಿದೆ.

ತೆರೆದ. ಕುತ್ತಿಗೆಗೆ ಬಟ್ಟೆ, ಗಡ್ಡ ಬೆಳೆದಿದೆ, ಕೈಯಲ್ಲಿ ಬಿಳಿ ಹಲಗೆ. ಆಗಲೇ ಬರೆದುಕೊಂಡೇ ಬಂದಿದ್ದ: "ಸತ್ತಿಲ್ಲ. ಸಿಟ್ಟು ಬಂದಿದೆ."

"ಒಂಬತ್ತು ದಿನ ಸಿಟ್ಟು ಮಾಡ್ತಾರಾ ಈ ವಯಸ್ಸಲ್ಲಿ? ಹೆಣ ಎತ್ತೋಕೆ ಬಂದೆ ಅಂದ್ಕೊಂಡೆ."

ಒರೆಸಿ ಬರೆದ: "ಹೆಣ ಎತ್ತೋರು ಬಿಸ್ಕತ್ತು ತರಲ್ಲ."

ಒಳಗೆ ಕರೆದ. ಅಡುಗೆಮನೆ ನಲ್ಲಿಯ ಮೇಲೆ ಒಂದು ಮೊಳೆ. ಮೊಳೆಯಲ್ಲಿ ಮರದ ಬಿಲ್ಲೆ, 37. ಸ್ನಾನಗೃಹ ಮುಚ್ಚಿದ ಕೊನೆಯ ದಿನ ಎಣಿಸಿದಾಗ ಒಂದು ಕಡಿಮೆ ಇತ್ತು. ಆ ಕಳ್ಳನಿಗೆ ನಾಲ್ಕು ವರ್ಷದಿಂದ ಶಾಪ ಹಾಕುತ್ತ ಬಂದಿದ್ದೇನೆ. ದಿನಕ್ಕೊಂದರಂತೆ.

"ಕಳ್ಳ ನೀವೇನಾ?"

"ಹೂಂ." ಒರೆಸಿದ. ಆಮೇಲೆ ಬಹಳ ಹೊತ್ತು ಬರೆದ, ಹಲಗೆ ತುಂಬ, ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕಿ ಓದಬೇಕಾಯಿತು.

"ಬಾಗಿಲಲ್ಲಿ 37 ಇಲ್ಲ ಅಂದ್ರೆ ನಾನು ಒಳಗಿದ್ದೀನಿ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಹಾಡ್ತಿದ್ದೆ, ಅದ್ರಿಂದಲೂ ಗೊತ್ತಾಗ್ತಿತ್ತು. ಈಗ ಹಾಡಕ್ಕಾಗಲ್ಲ. ಮೆಡಲ್ ಅಲ್ಲ ಗಲ್ಲಾದಮ್ಮ. ನನ್ನ ಚಪ್ಪಲಿ ಇಲ್ಲಿದೆ ಅಂತ, ಅಷ್ಟೇ."

ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟೆ.

ಹೊರಡುವಾಗ ಕೇಳಿದೆ, ನಾಳೆ ಮೂರಕ್ಕೆ ಬರುತ್ತೀರಾ ಎಂದು. ತಲೆಯಾಡಿಸಿದ, ಇಲ್ಲ. ಹಲಗೆಯಲ್ಲಿ ಬರೆದ: "ಎಲ್ಲರೆದುರು ಬೈದೆ. ಎಲ್ಲರೆದುರು ವಾಪಸ್ ತಗೋ."

ಗಲ್ಲಾದ ಮೇಲೆ ನಲವತ್ತು ವರ್ಷ ಕೂತವಳು ನಾನು. ಯಾರ ಕ್ಷಮೆಯನ್ನೂ ಕೇಳಿಲ್ಲ. ಗಂಡನದನ್ನೂ.

ಮಾರ್ಚ್ 5

ಕಿವಿ, ಚಕ್ರ, ಕಿರೀಟ ಎಲ್ಲ ಕಸಕ್ಕೆ. ಹೆಸರಿನ ಪಕ್ಕ ಬಿಲ್ಲೆ ಬಂತು. ಆ ಹೆಸರಿನವರು ಒಳಗೆ ಬಂದಾಗ ತಿರುಗಿ ಕೆಂಪಾಗುತ್ತದೆ. ಮಿನೋರಿ ಎರಡು ಭಾನುವಾರ ಕೂತು ಮಾಡಿದಳು, ಗೊಣಗುತ್ತಾ. ದರ: ಮುಚ್ಚುವ ದಿನ ಒಂದು ಸ್ನಾನಕ್ಕೆ ಎಷ್ಟಿತ್ತೋ ಅಷ್ಟೇ, ತಿಂಗಳಿಗೊಮ್ಮೆ. ಬಿಲ್ಲೆ ಬೇಡದವರಿಗೂ ನೀರು ಅದೇ. ಕೊಡುಗೆಯಲ್ಲ, ದರ. ಪ್ರತಿಯಾಗಿ ಬಿಸ್ಕತ್ತು ಕಳಿಸಬೇಕಿಲ್ಲ! ಇಷ್ಟು ಸರಳವಾದದ್ದು ಹೊಳೆಯಲು ಒಂದು ತಿಂಗಳು ಬೇಕಾಯಿತು ಈ ಮಂಡೆಗೆ.

ಮಾರ್ಚ್ 9

ಜಗಳ ಶುರು. ಎಲ್ಲರಿಗೂ ಒಂದನೇ ನಂಬರೇ ಬೇಕು. ಇಸುರುಗಿಯಂತೂ ಹುಟ್ಟಿದಾಗಿನಿಂದ ಒಂದರಲ್ಲೇ ಇದ್ದೆನೆಂದು ಪ್ರಮಾಣ ಮಾಡಿದ. ಇಪ್ಪತ್ತು ವರ್ಷ ಐವತ್ತೆರಡರಲ್ಲಿ ಒದ್ದೆ ಬೂಟು ತುರುಕಿದವನು. ಹಾಗೆಂದೇ ಬರೆದೆ. "ಗಲ್ಲಾದಮ್ಮ ಸತ್ರೂ ಅವಳ ನೆನಪಿನ ಶಕ್ತಿ ಸಾಯಲ್ಲ" ಎಂದು ಬರೆದು ಐವತ್ತೆರಡನ್ನೇ ತೆಗೆದುಕೊಂಡ.

ಒಬ್ಬೊಬ್ಬರ ನಂಬರೂ ನೆನಪಿದೆ. ಮುಖಕ್ಕಿಂತ ಮೊದಲು ನೆನಪಾಗುತ್ತದೆ. ಒಬ್ಬಳು 37 ಕೇಳಿದಳು, ಖಾಲಿ ಇದೆಯಲ್ಲ ಎಂದು. ಖಾಲಿ ಇಲ್ಲ ಎಂದೆ, ಅದನ್ನು ಮೊಗಾಮಿಯ ಹೆಸರಿನ ಪಕ್ಕ ಆಗಲೇ ಇಟ್ಟಾಗಿತ್ತು.

ಮಾರ್ಚ್ 18

ನಲವತ್ತನಾಲ್ಕು ಬಿಲ್ಲೆ ಹೋದವು. ಬಾಡಿಗೆ ದಾಟಿತು. ಮುಚ್ಚಬೇಕಿಲ್ಲ. ಮಿನೋರಿ ಕೇಕು ತಂದಳು.

ಯಂತ್ರ ಉಳಿಯಿತು. ಯಾರ ಮಾತಿಗಾಗಿ ಉಳಿಸಿದ್ದೋ ಅವನಿಲ್ಲ. ಕೇಕು ಸಪ್ಪೆ.

ಮಾರ್ಚ್ 22

ಬರೆದೆ: "ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ." ಥೂ. ಮಂತ್ರಿಗಳು ಟಿವಿಯಲ್ಲಿ ತಲೆ ಬಾಗಿಸಿ ಹೇಳುವುದು ಇದನ್ನೇ. ಅಳಿಸಿದೆ.

ಮಾರ್ಚ್ 24

ಅಳಿಸಿದೆ.

ಮಾರ್ಚ್ 27, ಮಧ್ಯಾಹ್ನ 2:40

ಹಾಕಿಬಿಟ್ಟೆ. ಫೆಬ್ರವರಿ 15ರ ಪೋಸ್ಟಿನ ಕೆಳಗೇ, ಆ ಇಪ್ಪತ್ತಾರು ನಗುವಿನ ಕೆಳಗೇ:

"ಮೆಡಲು ಎಂದದ್ದು ನನ್ನ ತಪ್ಪು. ಅದು ಮೊಗಾಮಿಯವರ ಚಪ್ಪಲಿ. ಮೂವತ್ತೊಂದು ವರ್ಷ ದಿನವೂ ನೋಡಿದವಳಿಗೆ ಕಾಣಲಿಲ್ಲ. ಕ್ಷಮಿಸಬೇಕು."

ಎದ್ದು ಚಹಾಕ್ಕೆ ನೀರಿಟ್ಟೆ. ಚಳಿ.

2:58

ಇಸುರುಗಿ ಮೊದಲು ತನ್ನ ನಗುವಿನ ಗುರುತು ತೆಗೆದ. ಅವನು ತೆಗೆದದ್ದು ಕಂಡು ಇನ್ನೊಬ್ಬ. ಮತ್ತೊಬ್ಬ. ಇಪ್ಪತ್ತಾರೂ ಹೋದವು. ಕುರಿಗಳು. ಇವತ್ತಿನ ಮಟ್ಟಿಗೆ ಒಳ್ಳೆಯ ಕುರಿಗಳು.

3:00

ಇಲ್ಲ.

3:06

ಇಲ್ಲ. ಒಂದು ದಿನವೂ ಒಂದು ನಿಮಿಷ ತಡ ಮಾಡಿದವನಲ್ಲ. ಓದಿಲ್ಲವೇನೋ. ಓದಿಯೂ — ಇರಲಿ. ಟ್ರಾಮ್ ಮೂರೂವರೆಗೆ ಇದೆ. ಬಿಸ್ಕತ್ತು ಮುಗಿದಿದೆ, ಒಣ ತೋಫು ಒಯ್ದರಾದೀತು. ಕೋಟು ಎಲ್ಲಿ—

ಕೆಂಪಾಯಿತು. ಮೂವತ್ತೇಳು.

"ಬಂದೆ. ನೀರು ತಣ್ಣಗಿದೆ. ಒಂದು ತಿಂಗಳು ಒಲೆಗೆ ಸೌದೆನೇ ಹಾಕಿಲ್ಲ ಅನ್ಸತ್ತೆ." ಕಾಲಿಟ್ಟ ತಕ್ಷಣ ತಕರಾರು. ನಾಚಿಕೆ ಇಲ್ಲದ ಮುದುಕ, ಬಿಲ್ಲೆ ಕದ್ದವನು, ಇವನಿಗೆ ಈಗಲೇ ಸರಿಯಾಗಿ ಒಂದು ಉತ್ತರ ಬರೆಯಬೇಕು.