ಪಾಲಿಗೆ ಬಂದ ಅರ್ಧ ಪುಸ್ತಕ

೧೪ ನವೆಂಬರ್ ೧೯೪೧, ಶುಕ್ರವಾರ

ದಿನಾ ಬರೀರಿ ಅಂತ ಮಗಳು ವೆಂಕಟರತ್ನಮ್ಮನ ಕಾಟ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಏನು ಬರೀಲಿ, ನನ್ನ ತಲೆ!

ಅಟ್ಟದಲ್ಲಿ ಚಿಕ್ಕಂದಿನ ಕತೆ ಪುಸ್ತಕ ಸಿಕ್ತು, ಅರ್ಧ ಮಾತ್ರ. ಮನೆ ಭಾಗವಾದ ದಿನ ತಮ್ಮ ಮುನಿಯಲ್ಲಪ್ಪನೂ ನಾನೂ ಹಟಕ್ಕೆ ಬಿದ್ದು ಅದನ್ನೂ ಹರಿದು ಹಂಚಿಕೊಂಡಿದ್ವಿ. "ಕೊಡಲಿ ತರ್ಲೇನ್ರೋ, ಹಸೂನೂ ಸೀಳ್ಕೊಳ್ಳಿ" ಅಂತ ಅಮ್ಮ ಉಗಿದಿದ್ದಳು.

ಚಿಕ್ಕವರಿದ್ದಾಗ ಅದರಲ್ಲಿ ಹುಲಿಯ ಮಾತು ನಾನು ಓದ್ತಿದ್ದೆ, ನರಿಯ ಮಾತು ಅವನು. ಅವನ ಕೀಚಲು ದನಿಗೆ ಬಿದ್ದು ಬಿದ್ದು ನಗ್ತಿದ್ವಿ. ಇವತ್ತು ಎರಡನ್ನೂ ನಾನೇ ಓದಿದೆ. ನಗು ಬರಲಿಲ್ಲ. ಹಾಳು ಮನೇಲಿ ಒಬ್ಬನೇ ಮಾತಾಡಿಕೊಂಡ ಹಾಗಾಯ್ತು.

ನಾಳೆ ಅವನಿರೋ ಬೈರಕೂರಿಗೆ ಹೋಗೋರ ಕೈಲಿ ಅವನಿಗೆ ಹೇಳಿ ಕಳಿಸ್ತೀನಿ. ಲೇ, ನಿನ್ನ ಅರ್ಧ ಯಾರ ಕೈಲೂ ಕಳಿಸಬೇಡ, ನೀನೇ ತಗೊಂಡು ಬಾ. ಬರ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ಹೇಳು.